ಸೊನ್ನೆ ಹಿಡಿಯುವವನು

ನಮ್ಮ ಲ್ಯಾಬಿನಲ್ಲಿ ನನ್ನ ಹೆಸರು ಸೊನ್ನೆ. ಅವ್ವ ಇಟ್ಟಿದ್ದು ಓಬಳೇಶ ಅಂತ. ಆದರೆ ಆರು ವರ್ಷದಿಂದ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಡಾಕ್ಟರ್ ಸರ್ವಮಂಗಳಾ ಮೇಡಂ "ಸೊನ್ನೆ ಬಂತೇನ್ರೀ?" ಅಂತ ಕೂಗ್ತಾರೆ, ನಾನು "ಬಂತು ಬಂತು" ಅಂತ ಗೊಣಗಿಕೊಂಡು ಹೋಗಿ ಕುರ್ಚಿಯಲ್ಲಿ ಕೂರ್ತೀನಿ. ಬೇಜಾರೇನಿಲ್ಲ. ಸಂಬಳದ ಚೀಟಿಯಲ್ಲಿ ಹೆಸರು ಸರಿಯಾಗೇ ಇದೆ.

ದಾವಣಗೆರೆಯಲ್ಲಿ ಮುಚ್ಚಿಹೋದ ಹತ್ತಿ ಮಿಲ್ಲೊಂದರ ಗೋಡೌನಿನಲ್ಲಿ ನಮ್ಮ ಲ್ಯಾಬು. ನಾನು ಅಲ್ಲಿ ವಿಜ್ಞಾನಿ ಅಲ್ಲ, ತಂತಿ ಜೋಡಿಸೋ ಟೆಕ್ನಿಶಿಯನ್. ಮೇಡಂ ಕಂಡುಹಿಡಿದದ್ದನ್ನ ನನ್ನ ಮಾತಲ್ಲೇ ಹೇಳಿಬಿಡ್ತೀನಿ, ಅವರ ಮಾತಲ್ಲಿ ಹೇಳಿದರೆ ನೀವು ಎದ್ದು ಹೋಗ್ತೀರಿ.

ಏಳೆಂಟು ವರ್ಷದ ಮಗು ಮಗ್ಗಿಯನ್ನ, ಇನ್ನೊಂದು ಭಾಷೆಯನ್ನ ಆಡ್ತಾ ಆಡ್ತಾ ಕಲಿತುಬಿಡುತ್ತಲ್ಲ? ಆಗ ಅದರ ಮಿದುಳಿನಲ್ಲಿ ಸಾವಿರಾರು ಬಾಗಿಲು ತೆರೆದಿರ್ತವೆ. ದೊಡ್ಡವರಾಗ್ತಾ ಆಗ್ತಾ ಒಂದೊಂದೇ ಮುಚ್ಚಿ ಚಿಲಕ ಬೀಳುತ್ತೆ. ಆಮೇಲೆ ಎಷ್ಟು ಬಡಿದುಕೊಂಡರೂ ಅಷ್ಟಕ್ಕಷ್ಟೆ. ಆದರೆ ಮಕ್ಕಳಾದವರ ಮಿದುಳಿನಲ್ಲಿ, ಅಪ್ಪ ಆಗಲಿ ಅಮ್ಮ ಆಗಲಿ, ಆ ಬಾಗಿಲುಗಳು ಮುಚ್ಚಿದ್ದರೂ ಚಿಲಕ ಬಿದ್ದಿರಲ್ಲ. ಕೂಸು ಅತ್ತರೆ ಹಸಿವಿಗೋ ಹೊಟ್ಟೆನೋವಿಗೋ ಅಂತ ತಿಳಿಯೋಕೆ ಮಿದುಳು ತನ್ನನ್ನೇ ಕೆಡವಿ ಕಟ್ಟಿಕೊಂಡಿರುತ್ತಂತೆ. ಸಣ್ಣ ಬಿಳಿ ದೀಪಗಳ ಒಂದು ಟೋಪಿಯನ್ನ ದಿನಕ್ಕೆ ನಲವತ್ತು ನಿಮಿಷ ಹಾಕಿಕೊಂಡರೆ ಆ ಬಾಗಿಲುಗಳು ಮತ್ತೆ ತೆರೀತವೆ, ನಾಲ್ಕು ವರ್ಷ ತೆರೆದೇ ಇರ್ತವೆ. ನಾಲ್ಕು ವರ್ಷ ಅಂದರೆ ಸರಿಯಾಗಿ ಒಂದು ಡಿಗ್ರಿ.

ದೀಪದ ಸಾಲು ಮಲ್ಲಿಗೆ ದಂಡೆ ಹಾಗೆ ಕಾಣೋದಕ್ಕೆ ಊರವರು ಅದಕ್ಕೆ ಮಲ್ಲಿಗೆ ಟೋಪಿ ಅಂದರು. ಅದರ ತಂತಿಗಳನ್ನೆಲ್ಲ ಹೆಣೆದವನು ನಾನೇ.

ಐವತ್ತು ದಾಟಿದವರಿಗೆ ಕಾಲೇಜಿಗೆ ಅಂತ ಯಾವ ಬ್ಯಾಂಕು ಸಾಲ ಕೊಡುತ್ತೆ ಹೇಳಿ? ಹಾಗಾಗಿ ಸರ್ಕಾರ ಒಂದು ಯೋಜನೆ ತಂತು: ಕಾಲೇಜಿಗೆ ಸೇರೋ ಅಪ್ಪ ಅಮ್ಮಂದಿರ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲೋದು. ನಮ್ಮ ರಾಜ್ಯದಲ್ಲಿ ಈಗ ದೊಡ್ಡ ಯೋಜನೆ ಅಂದರೆ ಜನರನ್ನೇ ಕೇಳಬೇಕು ಅಂತ ಕಾನೂನು. ಓಟಿನ ಹಾಗೇ ಬೂತಿಗೆ ಹೋಗಿ 'ಬೇಕು' ಅಥವಾ 'ಬೇಡ' ಒತ್ತೋದು. ಮತದಾನಕ್ಕೆ ಇನ್ನು ಹದಿನೈದು ದಿನ ಇತ್ತು.

ನಾನು 'ಬೇಡ' ಒತ್ತೋದು ಅಂತ ತೀರ್ಮಾನ ಮಾಡಿದ್ದೆ.

ನನ್ನ ತಂಗಿ ರೇಣುಕಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಭಾನುವಾರ ಅವಳ ಮನೆಯಲ್ಲೇ ನನ್ನ ಊಟ. ರೊಟ್ಟಿ ತಟ್ಟೆಗೆ ಹಾಕ್ತಾ ಕೇಳಿದಳು, "ಅಣ್ಣ, ನಿಮ್ಮ ಲ್ಯಾಬಿನವರೆಲ್ಲ 'ಬೇಕು' ಅಂತ ಒತ್ತಬೇಕು ತಾನೆ?"

"ಅವರು ಒತ್ತಲಿ. ನಾನು ಒತ್ತಲ್ಲ."

"ಯಾಕೆ?"

"ಮಕ್ಕಳು ಹುಟ್ಟಿಸಿದ ಪುಣ್ಯಾತ್ಮರಿಗೆ ಮಾತ್ರ ಕಾಲೇಜಂತೆ. ನನ್ನಂಥ ಒಂಟಿಗನಿಗೆ ಏನಿದೆ ಅದರಲ್ಲಿ? ಉಳ್ಳಾಗಡ್ಡಿ ಕೊಡು."

ಅವಳು ಉಳ್ಳಾಗಡ್ಡಿ ಕೊಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು. ಹದಿನೇಳನೇ ವಯಸ್ಸಿಗೆ ನಾನು ಪಿಯುಸಿ ಸೈನ್ಸು ಪಾಸಾಗಿದ್ದೆ, ಫಿಸಿಕ್ಸಿನಲ್ಲಿ ತೊಂಬತ್ತೊಂದು. ಬಿಎಸ್ಸಿ ಮಾಡಬೇಕು, ನಕ್ಷತ್ರ ಯಾಕೆ ಉರಿಯುತ್ತೆ ಅಂತ ಸರಿಯಾಗಿ ತಿಳೀಬೇಕು ಅಂತ ಒಂದೇ ಹಟ. ಆ ಬೇಸಿಗೆಯಲ್ಲಿ ಅವ್ವ ಕಾಮಾಲೆಯಿಂದ ಹೋಗಿಬಿಟ್ಟಳು. ರೇಣುಕಾಗೆ ಎಂಟು ತಿಂಗಳು. ಅಪ್ಪ ಒಂದು ಲಾರಿ ಹತ್ತಿ ಹೋದವನು ಹೋದವನೇ. ನಾನು ಮಿಲ್ಲಿಗೆ ವೈರಿಂಗ್ ಕೆಲಸಕ್ಕೆ ಸೇರಿದೆ. ಮದುವೆ ಗಿದುವೆ ಯಾರು ಯೋಚನೆ ಮಾಡಿದ್ರು? ಲ್ಯಾಬಿನಲ್ಲಿ ಅವರೆಲ್ಲ ಫಿಸಿಕ್ಸು ಮಾತಾಡುವಾಗ ನಾನು ಸ್ಕ್ರೂ ತಿರುಗಿಸ್ತಾ ಕಿವಿ ಅಲ್ಲೇ ಇಟ್ಟಿರ್ತೀನಿ. ಅರ್ಧ ಅರ್ಥ ಆಗುತ್ತೆ, ಇನ್ನರ್ಧಕ್ಕೆ ಹೊಟ್ಟೆ ಉರಿಯುತ್ತೆ. ಮುಚ್ಚುಮರೆ ಯಾಕೆ, ಹೊಟ್ಟೆಕಿಚ್ಚೇ ಅದು.

ಈಗ ಈ ಸೊನ್ನೆ ಅಂದರೆ ಏನು ಅಂತ ಹೇಳಬೇಕು. ಯಾರ ತಲೆಯಲ್ಲಿ ಎಷ್ಟು ಬಾಗಿಲು ಚಿಲಕ ಬೀಳದೆ ಇದೆ ಅಂತ ಅಳೆಯೋದು ಇನ್ನೊಂದು ಯಂತ್ರ. ಅದು ಗೋಡೆ ಮೇಲೆ ಒಂದೊಂದು ಬಾಗಿಲಿಗೆ ಒಂದೊಂದು ದೀಪ ತೋರಿಸುತ್ತೆ. ಆದರೆ ಬಿಸಿಲು ಏರಿದರೆ, ಪಕ್ಕದಲ್ಲಿ ಲಾರಿ ಹೋದರೆ ಯಂತ್ರ ಏನೇನೋ ತೋರಿಸುತ್ತೆ. ಅದಕ್ಕೆ ದಿನಾ ಬೆಳಿಗ್ಗೆ ಮಕ್ಕಳಿಲ್ಲದ ಒಂದು ತಲೆಯನ್ನ ಅಳೆದು, ಅದರಲ್ಲಿ ಕಂಡ ಬಾಗಿಲನ್ನ ಒಂದೊಂದಾಗಿ ಎಲ್ಲರ ಲೆಕ್ಕದಿಂದ ಕಳೆಯೋದು. ಎಣ್ಣೆ ಅಂಗಡಿಯಲ್ಲಿ ಮೊದಲು ಖಾಲಿ ಡಬ್ಬಿ ತೂಗಿ ಕಳೀತಾರಲ್ಲ, ಹಾಗೆ. ಆ ಖಾಲಿ ಡಬ್ಬಿ ನಾನು.

ನಾನೇ ಯಾಕೆ ಅಂದರೆ, ಅಪ್ಪ ಅಮ್ಮಂದಿರನ್ನ ಅಳೆಯೋಕೆ ಬೈತಲೆ ತೆಗೆದು ಬಾಚಿದರೆ ಸಾಕು. ಸೊನ್ನೆ ಹಿಡಿಯೋಕೆ ಮಾತ್ರ ತಲೆ ಪೂರ್ತಿ ಬೋಳಾಗಿರಬೇಕು. ಮದುವೆ ಆಗದ ಹುಡುಗರು ಯಾರು ತಲೆ ಬೋಳಿಸಿಕೊಂಡು ಕೂರ್ತಾರೆ? ಹೆಣ್ಣು ಸಿಗಬೇಕಲ್ಲ. ನನ್ನ ತಲೆಗೆ ದೇವರೇ ಕ್ಷೌರ ಮಾಡಿ ಮುಗಿಸಿದ್ದ. ಒಂಟಿ, ಬೋಳು, ದಿನಾ ಬರೋ ಕೆಲಸದವನು, ಇನ್ನೇನು ಬೇಕು?

ನನ್ನ ತಲೆಯಿಂದ ನನ್ನ ತಲೆಯನ್ನೇ ಕಳೆದರೆ ಏನು ಉಳಿಯುತ್ತೆ? ಏನೂ ಇಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಗೋಡೆ ಮೇಲೆ ನನ್ನ ಮಿದುಳನ್ನ ನೋಡಿದೀನಿ, ಕರ್‍ರಗೆ, ಒಂದು ದೀಪ ಇಲ್ಲದೆ. ಮೊದಮೊದಲು ನಗ್ತಿದ್ದೆ. ಆಮೇಲಾಮೇಲೆ ಗೋಡೆ ಕಡೆ ನೋಡೋದನ್ನೇ ಬಿಟ್ಟೆ.

ಟೋಪಿ ಹಾಕಿಕೊಂಡು ಕಲೀತಿದ್ದ ಹನ್ನೆರಡು ಜನರಲ್ಲಿ ಮಂಡಕ್ಕಿ ಭಟ್ಟಿಯ ಖೈರುನ್ನೀಸಾ ಒಬ್ಬಳು. ನಲವತ್ತೆಂಟು ವರ್ಷ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮೂರು ಮಕ್ಕಳ ತಾಯಿ. ಮೂವತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದವಳು. ಆರು ತಿಂಗಳಲ್ಲಿ ಅವಳು ಪಿಯುಸಿ ಪುಸ್ತಕ ಮುಗಿಸಿದಳು. ಒಂದು ದಿನ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಓಬಳೇಶಣ್ಣ, ಅಕ್ಕಿ ಯಾಕೆ ಅರಳುತ್ತೆ ಗೊತ್ತಾ? ಒಳಗೆ ಚೂರು ನೀರಿರುತ್ತೆ. ಅದು ಆವಿ ಆಗುತ್ತೆ, ಹೊರಗೆ ಬರೋಕೆ ದಾರಿ ಇಲ್ಲ, ಒತ್ತಿ ಒತ್ತಿ ಕೊನೆಗೆ ಪಟ್ ಅಂತ ಒಡೆಯುತ್ತೆ! ಮೂವತ್ತು ವರ್ಷ ನನ್ನ ಕಣ್ಣ ಮುಂದೆ ನಡೀತಿತ್ತಣ್ಣ, ನನಗೆ ಗೊತ್ತೇ ಇರಲಿಲ್ಲ. ಯಾ ಅಲ್ಲಾ, ಒಂದೊಂದು ಕಾಳಿನಲ್ಲೂ!"

ಅವಳ ಕಣ್ಣಲ್ಲಿ ನೀರು. ಅವಳಿಗೆ ಕಾಲೇಜು ಸೇರಬೇಕು. 'ಬೇಕು' ಗೆದ್ದರೆ ಸೀಟು, ಸೋತರೆ ಮತ್ತೆ ಭಟ್ಟಿ.

ಗೆಲ್ಲೋ ಸೂಚನೆ ಮಾತ್ರ ಇರಲಿಲ್ಲ. ಹನ್ನೆರಡು ಜನ ಅಷ್ಟು ಕಲೀತಿದ್ದರೂ ಗೋಡೆ ಮೇಲೆ ಬೀಳ್ತಿದ್ದ ದೀಪ ಇಪ್ಪತ್ತೋ ಮೂವತ್ತೋ. ವಿಧಾನಸಭೆಯ ಸಮಿತಿ ಅಧ್ಯಕ್ಷರು ಒಂದು ಸಲ ಬಂದು ನೋಡಿ, "ಇಷ್ಟಕ್ಕೆ ಸರ್ಕಾರ ಜಾಮೀನು ನಿಲ್ಲಬೇಕೇನಮ್ಮ? ನಮ್ಮನೆ ದೀಪಾವಳಿಗೆ ಇದಕ್ಕಿಂತ ಜಾಸ್ತಿ ಇರುತ್ತೆ" ಅಂದು ಹೋಗಿದ್ದರು. ಟಿವಿಯವರು ಅದನ್ನೇ ನೂರು ಸಲ ತೋರಿಸಿದರು. ಇನ್ನು ಶುಕ್ರವಾರ ಜನರೆದುರು ಕೊನೇ ಪ್ರದರ್ಶನ, ಅದಾದ ಎರಡನೇ ದಿನ ಮತದಾನ. ಮೇಡಂ ಊಟ ಬಿಟ್ಟು ಕೂತಿದ್ದರು. "ಕಲಿಕೆ ಇಷ್ಟು, ದೀಪ ಅಷ್ಟೇ ಯಾಕೆ ಓಬಳೇಶ್? ನಾನು ಎಲ್ಲೋ ದಾರಿ ತಪ್ಪಿದೀನಿ" ಅಂತ ಒಂದೇ ಮಾತು.

ಸೋಮವಾರ ನಾನು ಹಲ್ಲು ಕೀಳಿಸೋಕೆ ರಜೆ ಹಾಕಿದೆ. ಅದೇ ಹೊತ್ತಿಗೆ ನಮ್ಮ ಸಂಶೋಧನಾ ವಿದ್ಯಾರ್ಥಿನಿ ಇಂಚರಾ, ಪಿಎಚ್‌ಡಿ ಮುಗಿದರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತವಳು, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಳು. ಮದುವೆ ಆಗಿಲ್ಲ, ಮನೆಗೆ ಒಬ್ಬಳೇ ಮಗಳು, ತಲೆ ನುಣ್ಣಗೆ. ಮೇಡಂ ಅವಳನ್ನೇ ಸೊನ್ನೆ ಮಾಡಿ ಕೂರಿಸಿದರು.

ಮಂಗಳವಾರ ದವಡೆ ಊದಿಸಿಕೊಂಡು ನಾನು ಹೋದರೆ ಮೇಡಂ ಕೆಂಡ ಆಗಿದ್ದರು. "ತಂತಿ ಏನು ಮಾಡಿಟ್ಟು ಹೋಗಿದ್ರಿ? ನಿನ್ನೆ ಖೈರುನ್ನೀಸಾಗೆ ಐನೂರು ದೀಪ ಬಂದಿದೆ! ಸುಳ್ಳು ದೀಪ ತೋರಿಸಿ ಶುಕ್ರವಾರ ಮರ್ಯಾದೆ ಕಳ್ಕೊಳ್ಳಲಾ?"

"ನನ್ನ ತಂತಿಗೆ ಏನೂ ಆಗಿಲ್ಲ ರೀ!" ಅಂತ ನಾನೂ ಕೂಗಿದೆ. ಹಲ್ಲಿನ ನೋವು ಬೇರೆ. ಎಲ್ಲಾ ಬಿಚ್ಚಿ ಮತ್ತೆ ಜೋಡಿಸಿದೆ. ನಾನು ಸೊನ್ನೆ ಕೂತೆ, ಖೈರುನ್ನೀಸಾಗೆ ಇಪ್ಪತ್ತೆಂಟು ದೀಪ. ಇಂಚರಾ ಕೂತಳು, ಐನೂರ ಹನ್ನೆರಡು. ಮತ್ತೆ ನಾನು, ಇಪ್ಪತ್ತೇಳು. ಮತ್ತೆ ಅವಳು, ಐನೂರ ಹತ್ತು.

ಮೇಡಂ ಬಾಗಿಲು ಮುಂದಕ್ಕೆ ಮಾಡಿದರು. "ಓಬಳೇಶ್, ತಪ್ಪು ತಿಳೀಬೇಡಿ. ನಿಮಗೆ... ಎಲ್ಲಾದರೂ... ಯಾರ ಹತ್ರ ಆದರೂ... ಮಕ್ಕಳು..."

"ಥೂ! ಏನ್ ಮೇಡಂ ನೀವು!" ನಾನು ಎದ್ದೇಬಿಟ್ಟೆ. "ಊರಲ್ಲಿ ಯಾರನ್ನಾದ್ರೂ ಕೇಳಿ. ನಾನು ಅಂಥವನಾ?"

"ಅಲ್ಲಪ್ಪ, ಯಂತ್ರ ಹಾಗೆ ಹೇಳ್ತಿದೆಯಲ್ಲ..."

ಮೂಲೆಯಲ್ಲಿ ಕೂತಿದ್ದ ಖೈರುನ್ನೀಸಾ ನಮ್ಮ ಜಗಳ ಕೇಳಿಸಿಕೊಳ್ತಾ ಮಲ್ಲಿಗೆ ಟೋಪಿಯನ್ನ ತಿರುಗಿಸಿ ಮುರುಗಿಸಿ ನೋಡ್ತಿದ್ದಳು. "ಅಣ್ಣ," ಅಂದಳು, "ಈ ತಂತಿ ಹೆಣೆದಿದ್ದು ನೀವೇನಾ?"

"ಹೂಂ. ಏನೀಗ?"

"ಮೂರೆಳೆ ಜಡೆ ಇದು. ನಡುವೆ ಟೇಪು ಸೇರಿಸಿ, ಮಡಚಿ ಮೇಲಕ್ಕೆ ಕಟ್ಟಿದೀರಿ, ಶಾಲೆ ಹುಡುಗಿಯರ ಜಡೆ ತರ. ಬಿಚ್ಚಿಹೋಗದ ಹಾಗೆ, ಎಳೆದರೆ ನೋಯದ ಹಾಗೆ. ಗಂಡಸರಿಗೆ ಇದು ಬರಲ್ಲ. ಹೆಣ್ಣುಕೂಸಿಗೆ ದಿನಾ ಹಾಕಿದ ಕೈಗೆ ಮಾತ್ರ ಬರುತ್ತೆ. ಯಾರಿಗೆ ಹಾಕ್ತಿದ್ರಿ?"

"ಇನ್ಯಾರಿಗೆ? ನನ್ನ ತಂಗಿಗೆ."

"ಅವಳಿಗೆ ಹಾಲು ಕುಡಿಸಿದ್ದು?"

"ನಾನೇ. ಅವ್ವ ಇರಲಿಲ್ಲ."

"ಜ್ವರ ಬಂದರೆ ಎತ್ಕೊಂಡು ಕೂತಿದ್ದು? ಶಾಲೆಗೆ ಸೇರಿಸಿದ್ದು?"

"ನಾನೇ ಕಣಮ್ಮ. ಮತ್ತೆ ಯಾರು ಬರ್ತಾರೆ? ಆದರೆ ಅದು... ನಾನು ಅವಳ ಅಣ್ಣ, ಅಷ್ಟೇ."

ಮೇಡಂ ನಿಧಾನಕ್ಕೆ ನನ್ನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಇಂಚರಾಳ ಸೊನ್ನೆ ಹಾಗೇ ಇಟ್ಟು ನನ್ನ ತಲೆ ಅಳೆದರು. "ಗೋಡೆ ನೋಡಿ" ಅಂದರು.

ನಾನು ನೋಡಿದೆ.

ಮೊದಲು ಒಂದು ದೀಪ. ಆಮೇಲೆ ನಾಲ್ಕು. ಆಮೇಲೆ ಎಣಿಸೋಕಾಗಲಿಲ್ಲ. ಎಡಗಡೆಯಿಂದ ಹೊತ್ತಿಕೊಂಡು ಹೊತ್ತಿಕೊಂಡು ನೆತ್ತಿ ದಾಟಿ ಹಿಂದಲೆವರೆಗೂ ಹೋಯಿತು. ಗೋಡೆ ತುಂಬಿ ಚಾವಣಿಯ ಹಳೇ ತೊಲೆಗಳ ಮೇಲೂ ಬೆಳಕು ಬಿತ್ತು. ಆರು ವರ್ಷ ಕತ್ತಲೆ ಕಂಡ ಜಾಗ ಅದು. ಆರುನೂರ ನಲವತ್ತು ದೀಪ. ಆವತ್ತಿನವರೆಗೆ ಲ್ಯಾಬಿನಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ.

ಮೇಡಂ ಗೋಡೆ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ಇದು ಅಳು ಕೇಳಿದರೆ ಎಚ್ಚರ ಆಗೋ ಜಾಗ. ಇದು ಮಾತು ಬಾರದ ಕೂಸಿನ ಮುಖ ಓದೋ ಜಾಗ. ಇದು ಕೈಬೆರಳಿಂದು, ನೋಡಿ ಎಷ್ಟಿದೆ! ಎಲ್ಲಾ ಮೂವತ್ತೈದು ವರ್ಷ ಹಿಂದೆ ತೆರೆದಿದ್ದು. ಒಂದಕ್ಕೂ ಚಿಲಕ ಬಿದ್ದಿಲ್ಲ. ಹೆರೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಓಬಳೇಶ್. ಸಾಕೋದರಿಂದ ಬರೋದು ಇದು. ನಾನು ಖಾಲಿ ಡಬ್ಬಿ ಅಂತ ಇಟ್ಟುಕೊಂಡಿದ್ದು ಎಲ್ಲಕ್ಕಿಂತ ತುಂಬಿದ ಡಬ್ಬಿಯನ್ನ. ಒಬ್ಬರನ್ನೇ ನಂಬಿ ಕೂತಿದ್ದು ನನ್ನ ತಪ್ಪು. ಆರು ವರ್ಷ ನಿಮ್ಮನ್ನ ಎಲ್ಲರಿಂದ ಕಳೆದುಬಿಟ್ಟೆ."

ಹಾಲಿನ ಪುಡಿಗೆ ಬಿಸಿನೀರು ಎಷ್ಟು ಅಂತ ಪಕ್ಕದ ಮನೆ ಅಜ್ಜಿಯನ್ನ ಕೇಳಿ ಕಲಿತಿದ್ದು ನೆನಪಾಯಿತು. ಅವ್ವ ಹೋದ ಮೇಲೆ ರೇಣುಕಾ ಮೊದಲ ಸಲ ನಕ್ಕಿದ್ದು ಮಿಲ್ಲಿನ ಸೈರನ್ ಕೇಳಿ. ಅದೆಲ್ಲ ಮುಗಿದುಹೋದ ಕೆಲಸ ಅಂದುಕೊಂಡಿದ್ದೆ. ಅದು ನನ್ನೊಳಗೆ ಕಟ್ಟಡ ಕಟ್ಟಿಕೊಂಡು ಕೂತಿದೆ ಅಂತ ಯಾರಿಗೆ ಗೊತ್ತಿತ್ತು? ನಕ್ಷತ್ರ ಯಾಕೆ ಉರಿಯುತ್ತೆ ಅಂತ ಕೇಳ್ತಿದ್ದ ಹುಡುಗ ನಾನು, ನನ್ನ ತಲೆಯೊಳಗೇ ಅಷ್ಟೊಂದು ಉರೀತಿತ್ತಲ್ಲಪ್ಪ.

ಅಧ್ಯಕ್ಷರಿಗೆ ಫೋನ್ ಹೋಯಿತು. ಶುಕ್ರವಾರ ಬೆಳಿಗ್ಗೆ ಅವರು ಬಂದು ಎಲ್ಲಾ ಕೇಳಿ ತಲೆ ಕೆರೆದುಕೊಂಡರು. "ಸೊನ್ನೆ ಬದಲಾಯಿಸಿ, ಐನೂರು ದೀಪ ತೋರಿಸಿ. ಗೆದ್ದೇ ಗೆಲ್ತೀರಿ. ಆದರೆ ಈ ಯಪ್ಪಂದು ತೋರಿಸಬೇಡಿ. ಮತಯಂತ್ರದ ಮೇಲೆ 'ತಂದೆ ತಾಯಿ' ಅಂತ ಅಚ್ಚಾಗಿದೆ. ಈಗ ಅಣ್ಣ, ಚಿಕ್ಕಪ್ಪ ಅಂತ ಶುರು ಮಾಡಿದರೆ ಜನ ಗೊಂದಲ ಮಾಡ್ಕೊಂಡು 'ಬೇಡ' ಒತ್ತಿಬಿಡ್ತಾರೆ."

ಆ ಮನುಷ್ಯ ಹೇಳಿದ್ದರಲ್ಲಿ ಕೆಟ್ಟದ್ದೇನಿರಲಿಲ್ಲ. ನಾನು ಮೇಡಂಗೆ ಹೇಳಿದೆ, "ನನ್ನ ಬಿಡಿ. ಖೈರುನ್ನೀಸಾ ಸೀಟು ಮುಖ್ಯ."

ಖೈರುನ್ನೀಸಾ ಸೆರಗು ಕೊಡವಿ ಎದ್ದಳು. "ಅಣ್ಣನ ಗೋಡೆ ತೋರಿಸಿದರೆ ನಾನು ಕೂರ್ತೀನಿ. ಇಲ್ಲಾಂದ್ರೆ ಭಟ್ಟಿಗೆ ಹೋಗ್ತೀನಿ, ಮರಳು ಕಾದಿರುತ್ತೆ."

ಸಾವಿರ ಜನ ಸೇರಿದ್ದರು ಗೋಡೌನಿನಲ್ಲಿ, ಟಿವಿಯವರೂ ಸೇರಿ. ಮೊದಲು ಇಂಚರಾ ಕೂತಳು, ಗೋಡೆ ಕತ್ತಲು. ಖೈರುನ್ನೀಸಾ ಕೂತಳು, ಜನ "ಹೋ" ಅಂದರು. ಕೊನೆಗೆ ನಾನು. ಮೇಡಂ ಮೈಕು ಹಿಡಿದು, "ಇವರಿಗೆ ಮದುವೆ ಆಗಿಲ್ಲ. ಇವರು ತಂಗಿಯನ್ನ ಸಾಕಿದವರು" ಅಂದರು. ಗೋಡೆ ಹೊತ್ತಿಕೊಂಡಿತು. ಈ ಸಲ ಯಾರೂ 'ಹೋ' ಅನ್ನಲಿಲ್ಲ. ಎಲ್ಲೋ ಹಿಂದೆ ಒಬ್ಬ ಮುದುಕಿ "ನಾನೂ ಮೊಮ್ಮಕ್ಕಳನ್ನ ಸಾಕಿದೀನಪ್ಪೋ" ಅಂತ ಅಳೋಕೆ ಶುರು ಮಾಡಿದಳು, ಅಷ್ಟೇ ಸದ್ದು.

ಭಾನುವಾರ ನಾನು 'ಬೇಕು' ಒತ್ತಿದೆ. ನೂರಕ್ಕೆ ಅರವತ್ತೆಂಟು ಜನ ಅದನ್ನೇ ಒತ್ತಿದ್ದರು. ನಿಯಮ ಬರೆಯುವಾಗ 'ಹೆತ್ತವರು ಅಥವಾ ಸಾಕಿದವರು' ಅಂತ ಸೇರಿಸಿದರು. ಯಂತ್ರವನ್ನ ಊರೂರಿಗೆ ಒಯ್ಯೋಕಾಗಲ್ಲ, ಅದಕ್ಕೆ ಸಾಕಿಸಿಕೊಂಡವರು ಬಂದು ಸಹಿ ಹಾಕಬೇಕು, ಜೊತೆಗೆ ಒಂದು ಪುರಾವೆ ಕೊಡಬೇಕು ಅಂತಾಯಿತು.

ಅರ್ಜಿ ಕೊಡೋ ಮೊದಲ ದಿನ ರೇಣುಕಾ ಶಾಲೆಗೆ ಹೋಗೋ ಮುಂಚೆ ನನ್ನ ಜೊತೆ ಬಂದಳು. ಕೌಂಟರಿನ ಮುಂದೆ ಸಾಲು ರಸ್ತೆಗೆ ಹೋಗಿತ್ತು. ಮೊಮ್ಮಗನ ಕೈ ಹಿಡಿದ ಅಜ್ಜಿಯರು, ಹಾಸ್ಟೆಲಿನ ವಾಚ್‌ಮನ್ ಒಬ್ಬ, ಸಾಕುಮಗನ ಜೊತೆ ಬಂದಿದ್ದ ಒಬ್ಬ ಜೋಗಪ್ಪ, ಮಲತಾಯಂದಿರು, ಸೋದರಮಾವಂದಿರು. ಈ ಊರಿನಲ್ಲಿ ಇಷ್ಟು ಜನ ಇಷ್ಟು ಜನರನ್ನ ಸಾಕಿದ್ದಾರೆ ಅಂತ ನನಗೆ ಕಲ್ಪನೆಯೇ ಇರಲಿಲ್ಲ. ನೋಡ್ತಾ ಬಾಯಿ ಬಿಟ್ಟುಕೊಂಡು ನಿಂತೆ.

ಗುಮಾಸ್ತರು ಒಳ್ಳೇ ಮನುಷ್ಯರೇ. ಫಾರಂ ನೋಡಿದರು. "ಪುರಾವೆ?"

ಅದೇ ಇರಲಿಲ್ಲ. ಶಾಲೆ ರಿಜಿಸ್ಟರಿನಲ್ಲಿ ಪೋಷಕರು ಅಂತ ಓಡಿಹೋದ ಅಪ್ಪನ ಹೆಸರು. ಅವಳ ಲಗ್ನಪತ್ರಿಕೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಹೆಸರು. ಧಾರೆ ಎರೆಯೋಕೆ ದಂಪತಿ ಬೇಕು ಅಂತ ಪುರೋಹಿತರು ಅಂದರು, ಒಂಟಿಗ ನಾನು ನಿಲ್ಲೋ ಹಾಗಿರಲಿಲ್ಲ. ಒಂದು ತುತ್ತು ಅನ್ನ ಹಾಕದ ಚಿಕ್ಕಪ್ಪ ಧಾರೆ ಎರೆದ. ನಾನು ಪಕ್ಕದಲ್ಲಿ ತಂಬಿಗೆ ಹಿಡ್ಕೊಂಡು ನಿಂತಿದ್ದೆ. ಇವತ್ತಿಗೂ ಅದು ನೋಯುತ್ತೆ.

"ಕಾಗದ ಇಲ್ಲದೆ ನಾನೇನು ಮಾಡ್ಲಿ ಮೇಡಂ?" ಅಂತ ರೇಣುಕಾಗೆ ಅಂದರು ಗುಮಾಸ್ತರು. "ಮೇಲಿನವರು ಕೇಳ್ತಾರೆ."

"ನಡಿ ಪುಟ್ಟಿ, ಹೋಗೋಣ" ಅಂದೆ ನಾನು.

ರೇಣುಕಾ ನಡೀಲಿಲ್ಲ. ಕ್ಲಿಪ್ಪು ಕಿತ್ತಳು. ಕೂದಲು ಬಿಚ್ಚಿ ಬೆನ್ನ ಮೇಲೆ ಬಿಟ್ಟಳು. ಕೌಂಟರಿನ ಮುಂದಿದ್ದ ಬೆಂಚಿನ ಮೇಲೆ ನನಗೆ ಬೆನ್ನು ಮಾಡಿ ಕೂತಳು, ಚೀಲದಿಂದ ಬಾಚಣಿಗೆ ತೆಗೆದು ಹಿಂದಕ್ಕೆ ಚಾಚಿದಳು.

"ಹಾಕಣ್ಣ."

"ಹುಚ್ಚೇನೇ ನಿನಗೆ? ಇಷ್ಟು ಜನರ ಮುಂದೆ..."

"ಎರಡು ಜಡೆ. ಶಾಲೆಗೆ ಹೊತ್ತಾಯ್ತು, ಬೇಗ ಹಾಕು."

ಮೂವತ್ತೈದು ವರ್ಷದ ಹೆಂಗಸು, ಅಲ್ಲಲ್ಲಿ ಬಿಳಿಕೂದಲು. ನನ್ನ ಕೈ ತಾನಾಗೇ ಬಾಚಣಿಗೆ ತಗೊಂಡಿತು. ಬೈತಲೆ ತೆಗೆದೆ. ಮೂರೆಳೆ ಮಾಡಿದೆ. ಎಡಗಿವಿ ಹಿಂದೆ ಅವಳಿಗೆ ಎಳೆದರೆ ನೋಯುತ್ತೆ, ಅಲ್ಲಿ ಸಡಿಲ ಬಿಟ್ಟೆ. ಇಪ್ಪತ್ತು ವರ್ಷ ಆಗಿತ್ತು, ಬೆರಳಿಗೆ ಒಂದೂ ಮರೆತಿರಲಿಲ್ಲ. ಅರ್ಧಕ್ಕೆ ಬಂದಾಗ ನಿಲ್ಲಿಸಿದೆ. "ರಿಬ್ಬನ್ನಿಲ್ಲ" ಅಂದೆ.

ಗುಮಾಸ್ತರು ಮೇಜಿನ ಮೇಲಿದ್ದ ಒಂದು ಫೈಲಿನ ಕೆಂಪು ಟೇಪು ಬಿಚ್ಚಿದರು. ಕತ್ತರಿಯಿಂದ ಎರಡು ಮಾಡಿ ಕಿಟಕಿಯಿಂದ ಕೊಟ್ಟರು.

ನಡುವೆ ಸೇರಿಸಿ, ಹೆಣೆದು, ಮಡಚಿ ಮೇಲಕ್ಕೆ ಕಟ್ಟಿ, ಎರಡು ಕಡೆಯೂ ಹೂವು ಬಿಡಿಸಿದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಫಾರಂ ಎಳೆದುಕೊಂಡು 'ಪುರಾವೆ' ಅನ್ನೋ ಜಾಗದಲ್ಲಿ 'ಕಣ್ಣಾರೆ ಕಂಡಿದ್ದೇನೆ' ಅಂತ ಬರೆದು, ಸಹಿ ಮಾಡಿ ಸೀಲು ಒತ್ತಿದರು.

"ಯಾವ ವಿಷಯ ತಗೋತೀರಿ?" ಅಂತ ಕೇಳಿದರು.

"ಫಿಸಿಕ್ಸು" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ರೇಣುಕಾ ಜಡೆ ಬಿಚ್ಚಿಕೊಳ್ತಾಳೆ ಅಂದುಕೊಂಡಿದ್ದೆ. ಬಿಚ್ಚಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹಾಗೇ ಶಾಲೆಗೆ ಹೋದಳು. ಸಂಜೆ ಫೋನ್ ಮಾಡಿದ್ದಳು. ಹತ್ತನೇ ಕ್ಲಾಸಿನವರು ಇಡೀ ದಿನ ನಕ್ಕರಂತೆ.